ಗೆದ್ದೆವು ಅಂದುಬಿಡಿ

ಪ್ರಸಾದ್ ಬಾಯಿ ಮುಚ್ಚಿಕೊಂಡಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಅಮೆರಿಕದ ನಾರ್ತ್‌ವಿಲ್‌ಗೆ ಬಂದು ಹತ್ತು ವರ್ಷವಾದರೂ ಕನ್ನಡದವರ ವಾಟ್ಸಾಪ್ ಗ್ರೂಪಿನಲ್ಲಿ ಹುಟ್ಟುಹಬ್ಬದ ಶುಭಾಶಯ ಬಿಟ್ಟು ಇನ್ನೇನನ್ನೂ ಬರೆದವನಲ್ಲ. ಅಂಥವನಿಗೆ ಆ ಶುಕ್ರವಾರವೇ ಸತ್ಯ ಹೇಳುವ ಚಪಲ ಬರಬೇಕೆ?

ಇಂಡಿಯಾದ ಗಡಿಯಲ್ಲಿ ಕಾಳಗ ಶುರುವಾಗಿದ್ದ ವಾರ ಅದು. ಗ್ರೂಪಿನಲ್ಲಿ ನಿಮಿಷಕ್ಕೊಂದು ಗೆಲುವು. ಮಿಷಿಗನ್ನಿನ ಸೋಫಾಗಳ ಮೇಲೆ ಚಕ್ಕುಲಿ ಕಡಿಯುತ್ತ ಕೂತು ನಮ್ಮವರು ಗೆದ್ದಷ್ಟು ನೆಲವನ್ನು ಯಾವ ದಂಡೂ ಗೆದ್ದಿರಲಾರದು. ಶುಕ್ರವಾರ ಒಂದು ವಿಡಿಯೋ ಬಂತು. ಶತ್ರು ದೇಶದ ದೊಡ್ಡ ಬಂದರು ಹೊತ್ತಿ ಉರಿಯುತ್ತಿದೆ, ಇನ್ನು ಅಲ್ಲಿ ಒಂದು ದೋಣಿಯೂ ನಿಲ್ಲಲಾರದು ಎಂದು ಅದರ ಕೆಳಗೆ ಬರೆದಿತ್ತು. ಪ್ರಸಾದನ ಕೆಲಸವೇ ಹಡಗುಗಳಲ್ಲಿ ಹೋಗುವ ಕಂಟೇನರ್‌ಗಳು ಯಾವಾಗ ಎಲ್ಲಿವೆ ಎಂದು ತೋರಿಸುವ ಸಾಫ್ಟ್‌ವೇರ್ ನೋಡಿಕೊಳ್ಳುವುದು. ‘ಬಂದರು ಚೆನ್ನಾಗಿಯೇ ಇದೆ. ನಮ್ಮ ಗಿರಾಕಿಯ ಕಂಟೇನರ್ ಇವತ್ತು ಬೆಳಿಗ್ಗೆ ಅಲ್ಲೇ ಇಳಿದಿದೆ. ಸುಳ್ಳು ಸುದ್ದಿ ಹರಡಬೇಡಿ’ ಎಂದು ಬರೆದುಬಿಟ್ಟ.

ಆಮೇಲೆ ಶುರುವಾಯಿತು ನೋಡಿ. ಯಾರ ಅನ್ನ ತಿಂದು ಯಾರ ಪರ ಮಾತಾಡುತ್ತೀಯಾ ಎಂದು ಒಬ್ಬರು, ಶತ್ರುವಿನ ಸಾಮಾನು ಸಾಗಿಸುವವನು ಎಂದು ಇನ್ನೊಬ್ಬರು. ಅವನ ಪರವಾಗಿ ನಿಂತವನು ನಂದನ್ ಒಬ್ಬನೇ. ಆನ್ ಆರ್ಬರ್‌ನ ಯೂನಿವರ್ಸಿಟಿಯಲ್ಲಿ ಸಂಶೋಧನೆ ಮಾಡುತ್ತಿದ್ದ ಮೈಸೂರಿನ ಹುಡುಗ. ಹಬ್ಬಕ್ಕೆ ಬಂದರೆ ಪ್ರಸಾದನ ಹೆಂಡತಿ ಲತಾಶ್ರೀಯನ್ನು ಅಕ್ಕ ಎಂದು ಕರೆದು ಡಬ್ಬಿ ತುಂಬಿಸಿಕೊಂಡು ಹೋಗುವವನು. ‘ಪ್ರಸಾದ್ ಹೇಳಿದ್ದು ಸರಿ, ಆ ವಿಡಿಯೋ ಹಳೆಯದು, ಬೇರೆ ದೇಶದ್ದು’ ಎಂದು ಅವನು ಬರೆದ. ಗ್ರೂಪಿನಿಂದ ಇಬ್ಬರನ್ನೂ ಕಿತ್ತುಹಾಕಿದರು.

ಕಿತ್ತುಹಾಕಿ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಶನಿವಾರ ಇಂಡಿಯನ್ ಅಂಗಡಿಯಲ್ಲಿ ಪರಿಚಯದ ಹೆಂಗಸರು ಲತಾಶ್ರೀಯನ್ನು ನೋಡಿ ಬೇಳೆ ಚೀಲಗಳ ಕಡೆ ತಿರುಗಿಕೊಂಡರು. ಭಾನುವಾರ ಮಗಳು ರಿಯಾಳನ್ನು ಡ್ಯಾನ್ಸ್ ಕ್ಲಾಸಿಗೆ ಕರೆದೊಯ್ಯುವ ಕಾರು ಬರಲಿಲ್ಲ. ಸೋಮವಾರ ಯಾರೋ ಒಂದು ಫೋಟೋ ಹರಿಯಬಿಟ್ಟರು: ಅವರದೇ ಮನೆ, ಅವರದೇ ಗರಾಜು, ಅಂಗಳದಲ್ಲಿ ರಿಯಾಳ ಸೈಕಲ್ಲು. ಕೆಳಗೆ, ‘ಈ ಮನೆ ಯಾರದು ಗುರುತು ಹಿಡಿಯಿರಿ.’ ಫೋಟೋ ತೆಗೆದವನು ರಸ್ತೆಯಲ್ಲಿ ನಿಂತಿರಲಿಲ್ಲ, ಹುಲ್ಲಿನ ಮೇಲೆ ಕಾಲಿಟ್ಟು ತೆಗೆದಿದ್ದ. ಲತಾಶ್ರೀ ಸೈಕಲ್ಲನ್ನು ಗರಾಜಿನೊಳಗೆ ತಳ್ಳಿ ಬಾಗಿಲು ಹಾಕಿದಳು.

ಅವಳಿಗೆ ನಿಜವಾದ ಹೆದರಿಕೆ ಇದ್ದದ್ದು ಕಲ್ಮೇಶನದು. ಗ್ರೂಪು ನಡೆಸುತ್ತಿದ್ದವನು ಅವನೇ. ಬಿಜಾಪುರದ ಕಡೆಯವನು, ದೊಡ್ಡ ಆಳು, ದೊಡ್ಡ ನಗು. ರಿಯಾ ಹುಟ್ಟಿದ ದಿನ ಮೊಣಕಾಲುದ್ದ ಹಿಮದಲ್ಲಿ ಲತಾಶ್ರೀಯನ್ನು ಆಸ್ಪತ್ರೆಗೆ ಸೇರಿಸಿದವನು. ಪ್ರಸಾದನ ವೀಸಾ ನಿಂತಿದ್ದೂ ಅವನ ಸಣ್ಣ ಕನ್ಸಲ್ಟಿಂಗ್ ಕಂಪನಿಯ ಮೇಲೆ. ಅವನು ಬೇಡವೆಂದರೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ಎರಡು ತಿಂಗಳಲ್ಲಿ ಗಂಟುಮೂಟೆ ಕಟ್ಟಬೇಕು; ಗ್ರೀನ್ ಕಾರ್ಡಿಗೆಂದು ಇಷ್ಟು ವರ್ಷ ಕಾದದ್ದು ನೀರಿನಲ್ಲಿ ಹೋಮ. ಕಲ್ಮೇಶ್ ಬೈಯಲಿಲ್ಲ. ಲತಾಶ್ರೀಗೆ ಫೋನ್ ಮಾಡಿ, ಎಂದಿನ ಅತ್ತಿಗೆಯ ಸಲಿಗೆಯಲ್ಲೇ, “ಪ್ರಸಾದ್ ನಮ್ಮಾಂವ ಅದಾನ ವೈನಿ. ಭಾನುವಾರ ವಿಜಯೋತ್ಸವ ಇಟ್ಟೀವಿ. ಸ್ಟೇಜ್ ಮ್ಯಾಲ ಬಂದು, ನಂದು ತಪ್ಪಾತು, ನಾವ್ ಗೆದ್ದೀವಿ ಅಂತ ಒಂದ್ ಮಾತ್ ಅಂದ್ರ ಮುಗೀತು” ಎಂದ.

ಪ್ರಸಾದ್ ಒಪ್ಪಲಿಲ್ಲ. “ಕಂಟೇನರ್ ಇಳಿದಿದ್ದು ಇಳಿದಿದೆ ಕಣೇ. ನಾನು ದೇಶಕ್ಕೆ ಏನು ಅಂದೆ?”

“ದೇಶದ ಮಾತು ಬಿಡ್ರೀ. ರಿಯಾ ಸೈಕಲ್ಲು ಫೋಟೋದಲ್ಲಿದೆ” ಎಂದಳು ಲತಾಶ್ರೀ.

ಮರುದಿನ ಬೆಳಿಗ್ಗೆ ಅವಳು ಪಕ್ಕದ ಮನೆಯ ನೊಬುಕೊ ಆಂಟಿಯ ಜೊತೆ ವಾಕಿಂಗ್ ಹೊರಟಳು. ಎಂಬತ್ತು ದಾಟಿದ ಜಪಾನಿ ಹೆಂಗಸು, ಹಿತ್ತಲಲ್ಲಿ ಬೆಳೆದ ಮೂಲಂಗಿಯನ್ನು ಸೊಪ್ಪಿನ ಸಮೇತ ತಂದುಕೊಡುವವರು. ಗಂಡ ಕಾರಿನ ಬಿಡಿಭಾಗದ ಕಂಪನಿಯಲ್ಲಿದ್ದರು. ಅವರು ತೀರಿಕೊಂಡ ಮೇಲೂ ಆಂಟಿ ಇಲ್ಲೇ ಉಳಿದರು. ಇಬ್ಬರ ಮಾತೂ ಇಂಗ್ಲಿಷಿನಲ್ಲೇ, ಆದರೆ ಲತಾಶ್ರೀಯ ತಲೆಯೊಳಗೆ ಅದು ಕನ್ನಡವಾಗಿಯೇ ಕೂರುತ್ತಿತ್ತು. ಅವಳು ಅತ್ತುಕೊಂಡು ಎಲ್ಲವನ್ನೂ ಹೇಳಿದಳು. ಆಂಟಿ ನಡಿಗೆ ನಿಲ್ಲಿಸಿದರು.

“ನಾನು ಹುಟ್ಟಿದ್ದು ಜಪಾನಿನಲ್ಲಲ್ಲ, ಬ್ರೆಜಿಲ್‌ನಲ್ಲಿ” ಎಂದರು. “ಹತ್ತಿ ಬೆಳೆಯೋಕೆ ಅಂತ ಹೋದ ನಮ್ಮವರದೇ ಒಂದು ಹಳ್ಳಿ. ಎರಡನೇ ಮಹಾಯುದ್ಧ ಮುಗಿದಾಗ ನನಗೆ ಏಳೋ ಎಂಟೋ ವರ್ಷ. ಅಲ್ಲಿನ ಸರ್ಕಾರ ನಮ್ಮವರ ರೇಡಿಯೋ ಕಿತ್ತುಕೊಂಡಿತ್ತು, ನಮ್ಮ ಭಾಷೆಯ ಪತ್ರಿಕೆ ಮುಚ್ಚಿಸಿತ್ತು. ಜಪಾನ್ ಸೋತಿತು ಅಂತ ಸುದ್ದಿ ಬಂದಾಗ ಯಾರೂ ನಂಬಲಿಲ್ಲ. ಶತ್ರುಗಳ ಸುಳ್ಳು ಅಂದರು. ಊರಲ್ಲಿ ಎರಡು ಪಂಗಡ ಆಯ್ತು. ಗೆದ್ದೆವು ಅನ್ನೋರು, ಸೋತೆವು ಅನ್ನೋರು.”

“ಸೋತಿದ್ದು ಇಡೀ ಪ್ರಪಂಚಕ್ಕೆ ಗೊತ್ತಿತ್ತಲ್ಲ ಆಂಟಿ?”

“ಪ್ರಪಂಚಕ್ಕೆ ಗೊತ್ತಿತ್ತು. ಹೊಲ ಮಾರಿ, ಮಕ್ಕಳಿಗೆ ಹೊಸ ಬಟ್ಟೆ ತೊಡಿಸಿ, ಚಕ್ರವರ್ತಿಯ ಹಡಗು ನಮ್ಮನ್ನ ಕರ್ಕೊಂಡು ಹೋಗುತ್ತೆ ಅಂತ ಬಂದರಲ್ಲಿ ಹೋಗಿ ಕೂತವರಿದ್ದರು. ಅವರ ಹತ್ತಿರ ಹೋಗಿ ಹಡಗು ಬರಲ್ಲ ಅಂತ ಹೇಳಿ ನೋಡು. ನಮ್ಮಪ್ಪನಿಗೆ ಪೋರ್ಚುಗೀಸ್ ಓದೋಕೆ ಬರ್ತಿತ್ತು. ಅಪ್ಪ, ಅಪ್ಪನ ಗೆಳೆಯ ಕುರೋಕಿ ಅಂತ ಒಬ್ಬ, ಇಬ್ಬರೇ ಬಾಯಿ ಬಿಟ್ಟು ಸೋತೆವು ಅಂದಿದ್ದು. ಒಂದು ದಿನ ನಮ್ಮ ಬಾಗಿಲಿಗೆ ಹಲಗೆ ಹೊಡೆದು ಹೋಗಿದ್ದರು. ಕತ್ತು ತೊಳೆದುಕೊಂಡಿರು ಅಂತ ಬರೆದಿತ್ತು.”

ಲತಾಶ್ರೀಗೆ ಅರ್ಥವಾಗಲಿಲ್ಲ.

“ಕೊಯ್ಯೋರ ಕತ್ತಿ ಕೊಳೆಯಾಗಬಾರದಲ್ಲ” ಎಂದರು ಆಂಟಿ. “ಅಕ್ಕಪಕ್ಕದ ಹಳ್ಳಿಗಳಲ್ಲಿ ಆಗಲೇ ಕೊಂದಿದ್ದರು. ಕೊಂದವರು ಹೊರಗಿನವರಲ್ಲ. ಹಬ್ಬದಲ್ಲಿ ನಮ್ಮ ಜೊತೆ ಕೂತು ಉಂಡವರು.”

“ನಿಮ್ಮಪ್ಪನ್ನ?”

“ಅಮ್ಮ ಕಾಲು ಹಿಡಿದಳು, ಗೆದ್ದೆವು ಅಂದುಬಿಡಿ ಅಂತ. ಅಪ್ಪ ಹೋಗಿ ಚಕ್ರವರ್ತಿಯ ಪಟದ ಮುಂದೆ ಬಗ್ಗಿ ಅಂದ.”

“ಬಿಟ್ಟರಾ?”

“ಬಿಟ್ಟರು. ತೊಂಬತ್ತು ವರ್ಷ ಬದುಕಿದ.”

ಲತಾಶ್ರೀಗೆ ಬೇಕಾದದ್ದು ಅಷ್ಟೇ. ತಿರುವಿನಲ್ಲಿ ಹಳದಿ ಸ್ಕೂಲ್ ಬಸ್ಸು ಕಂಡಿತು, ರಿಯಾಳನ್ನು ಹತ್ತಿಸಬೇಕೆಂದು ಓಡಿದಳು. ಆಂಟಿ ಇನ್ನೂ ಏನೋ ಹೇಳಲು ಬಾಯಿ ತೆರೆದಿದ್ದರು. ತನಗೆ ಬೇಕಾದ ಉತ್ತರ ಸಿಕ್ಕಿದ ಮೇಲೆ ನಿಂತು ಪೂರ್ತಿ ಕೇಳುವ ತಾಳ್ಮೆ ನಮ್ಮಲ್ಲಿ ಯಾರಿಗಿದೆ?

ಆ ವಾರವೆಲ್ಲ ಅವಳು ಗಂಡನ ತಲೆ ತಿಂದಳು. ಅತ್ತಳು, ಊಟ ಬಿಟ್ಟಳು, ಜಪಾನಿ ತಂದೆಯ ಕತೆಯನ್ನೂ ಹೇಳಿದಳು. ಅಷ್ಟರಲ್ಲಿ ಕಾಳಗ ನಿಂತೇಹೋಗಿತ್ತು. ಬಂದರು ಉರಿಯಿತೆಂದು ಕೂಗಿದ್ದ ಟೀವಿಯವರೇ ಅದನ್ನು ಮರೆತು ಕ್ರಿಕೆಟ್ಟಿಗೆ ಹೋಗಿದ್ದರು. ಗ್ರೂಪು ಮಾತ್ರ ಮರೆತಿರಲಿಲ್ಲ.

ವಿಜಯೋತ್ಸವ ಪಕ್ಕದ ಊರು ನೋವೈಯ ಬಾಡಿಗೆ ಹಾಲ್ ಒಂದರಲ್ಲಿ ನಡೆಯಿತು. ಶಿಕಾಗೋದಿಂದಲೂ ಎರಡು ವ್ಯಾನು ಜನ ಬಂದಿದ್ದರು, ಅಲ್ಲಿನ ಇಂಡಿಯನ್ ಅಂಗಡಿಗಳ ಬೀದಿ ಡೆವನ್ ಅವೆನ್ಯೂನಿಂದ ಪೇಡೆ ಹೊತ್ತುಕೊಂಡು. ಪ್ರಸಾದ್ ಮೈಕಿನ ಮುಂದೆ ನಿಂತು, ನೆಲ ನೋಡುತ್ತ, ತಾನು ಹೇಳಿದ್ದು ತಪ್ಪು, ಬಂದರು ಉರಿದದ್ದು ನಿಜ, ನಾವು ಗೆದ್ದೆವು ಎಂದ. ಹಾಲ್ ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಕಲ್ಮೇಶ್ ಅವನನ್ನು ಬಾಚಿ ತಬ್ಬಿಕೊಂಡು ಶಾಲು ಹೊದಿಸಿದ, ಬಾಯಿಗೆ ಪೇಡೆ ಇಟ್ಟ. ಹೆಂಗಸರು ಲತಾಶ್ರೀಯ ಸೀರೆ ಮುಟ್ಟಿ ಎಲ್ಲಿ ತಗೊಂಡ್ರಿ ಎಂದು ಕೇಳಿದರು. ಒಂದು ವಾರದ ಮೇಲೆ ಮೊದಲ ಬಾರಿಗೆ ಅವಳಿಗೆ ಹೊಟ್ಟೆ ಹಸಿಯಿತು, ಎರಡು ಸಲ ಪುಳಿಯೋಗರೆ ಹಾಕಿಸಿಕೊಂಡಳು.

ತಟ್ಟೆ ಇಡಲು ಹೋದಾಗ ಕಲ್ಮೇಶ್ ಪಕ್ಕಕ್ಕೆ ಬಂದ. ಜೊತೆಯಲ್ಲಿ ಶಿಕಾಗೋದ ಇಬ್ಬರು.

“ವೈನಿ, ಈಗ ಆ ನಂದನ್ ಒಬ್ಬಾಂವ ಉಳದಾನ.”

“ಅವನು ಚಿಕ್ಕ ಹುಡುಗ, ಬಿಟ್ಬಿಡಿ.”

“ಹುಡುಗ ದಾರಿ ತಪ್ಪಿದ್ರ ತಿದ್ದೋದು ಯಾರ ಕೆಲ್ಸರಿ? ಏನೂ ಇಲ್ಲ, ಬಾವುಟಾ ಮುಟ್ಟಿ ಒಂದ್ ಮಾತ್ ಅಂತಾನ, ನಾವು ವಿಡಿಯೋ ಮಾಡ್ಕೊಂಡು ಬರ್ತೀವಿ. ಆದ್ರ ಬಾಗಿಲಾ ತಗೀವಲ್ಲ. ಪ್ರಸಾದನ ಫೋನೂ ಎತ್ತವಲ್ಲ, ಇವತ್ತಿನ ಭಾಷಣ ಲೈವ್ ಹಾಕಿದ್ವಿ, ಆಗಲೇ ನೋಡ್ಯಾನಂತ. ನೀವು ಹೋಗಿ ನಿಂತ್ರ ತಗೀತಾನ.”

“ನಾನ್ಯಾಕೆ?”

“ಊಟ ಹಾಕಿದ ಅಕ್ಕ ಅಲ್ಲೇನ್ರಿ ನೀವು” ಎಂದು ಕಲ್ಮೇಶ್ ನಕ್ಕ. ಆಮೇಲೆ, ಅದೇ ನಗುವಿನಲ್ಲಿ, “ಪ್ರಸಾದಂದು ವೀಸಾ ರಿನ್ಯೂವಲ್ ಮುಂದಿನ ತಿಂಗಳ ಅಲ್ಲೇನು? ನೆನಪದ ನನಗ” ಎಂದ.

ಲತಾಶ್ರೀ ಗಂಡನ ಕಡೆ ನೋಡಿದಳು. ಶಾಲು ಹೊದ್ದ ಪ್ರಸಾದ್ ತನ್ನ ಬೂಟು ನೋಡಿಕೊಳ್ಳುತ್ತಿದ್ದ.

ಶನಿವಾರ ಮಧ್ಯಾಹ್ನವೆಂದು ಗೊತ್ತುಮಾಡಿದರು. ಆ ದಿನ ಬೆಳಿಗ್ಗೆ ಲತಾಶ್ರೀ ಬಿಸಿಬೇಳೆಬಾತ್ ಮಾಡಿ ಡಬ್ಬಿಗೆ ತುಂಬಿದಳು. ರಿಯಾಳನ್ನು ಬಿಡಲು ನೊಬುಕೊ ಆಂಟಿಯ ಮನೆಗೆ ಹೋದಳು. ಎಲ್ಲಿಗೆ ಎಂದು ಅವರು ಕೇಳಿದರು. ಹೇಳಬಾರದೆಂದುಕೊಂಡಿದ್ದವಳು ಹೇಳಿಬಿಟ್ಟಳು.

ಆಂಟಿ ರಿಯಾಳನ್ನು ಒಳಗೆ ಟೀವಿ ಮುಂದೆ ಕೂರಿಸಿ ಬಂದು ಬಾಗಿಲ ಬಳಿ ನಿಂತರು.

“ಅವತ್ತು ನೀನು ಪೂರ್ತಿ ಕೇಳಲಿಲ್ಲ” ಎಂದರು. “ಅಪ್ಪ ಗೆದ್ದೆವು ಅಂದ ಮೇಲೆ ಅವರು ಮನೆಗೆ ಕಳಿಸಲಿಲ್ಲ. ಹಾಗಿದ್ದರೆ ನಮ್ಮ ಜೊತೆ ಬಾ ಅಂದರು. ಕುರೋಕಿ ಬಾಗಿಲು ಹಾಕ್ಕೊಂಡಿದ್ದ, ಯಾರು ಕರೆದರೂ ತೆಗೀತಿರಲಿಲ್ಲ. ಅಪ್ಪ ಕರೆದರೆ ತೆಗೀತಾನೆ ಅಂತ ಅವರಿಗೆ ಗೊತ್ತಿತ್ತು. ಮಾತಾಡಿಸಿ ಬರ್ತೀವಿ ಅಷ್ಟೇ ಅಂದರು. ಅಪ್ಪ ಕರೆದ. ಅವನು ತೆಗೆದ.”

ಲತಾಶ್ರೀ ಡಬ್ಬಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು.

“ಅಪ್ಪನ ಕೈಯಲ್ಲಿ ಒಂದು ಕಡ್ಡಿಯೂ ಇರಲಿಲ್ಲ. ಅವನು ಮಾಡಿದ್ದು ಹೆಸರು ಹಿಡಿದು ಕರೆದದ್ದು ಮಾತ್ರ. ತೊಂಬತ್ತು ವರ್ಷ ಬದುಕಿದ ಅಂದೆನಲ್ಲ. ಅವತ್ತಿನ ಮೇಲೆ ಯಾರನ್ನೂ ಹೆಸರು ಹಿಡಿದು ಕರೀಲಿಲ್ಲ. ನನ್ನನ್ನೂ. ಸಾಯೋವಾಗಲೂ ಏಯ್ ಅಂತಲೇ ಅಂದ.”

“ನಮ್ಮದು ಹಾಗಲ್ಲ ಆಂಟಿ. ಅವರಿಗೆ ಬರೀ ವಿಡಿಯೋ ಬೇಕಂತೆ.”

ಆಂಟಿ ಅವಳ ಕೈಯಲ್ಲಿದ್ದ ಡಬ್ಬಿಯನ್ನು ನೋಡಿದರು. “ನಿನ್ನ ಮಗಳನ್ನ ನಾನು ನೋಡ್ಕೋತೀನಿ, ಎಷ್ಟು ಹೊತ್ತಾದರೂ ಸರಿ. ಹೋಗಬೇಡ ಅಂತ ಹೇಳೋ ಶಕ್ತಿ ನನಗಿಲ್ಲ. ನಮ್ಮಮ್ಮನಿಗೂ ಇರಲಿಲ್ಲ” ಎಂದು ಒಳಗೆ ಹೋದರು.

ಆನ್ ಆರ್ಬರ್ ತಲುಪುವವರೆಗೆ ಪ್ರಸಾದ್ ಕನ್ನಡಿಯನ್ನೇ ನೋಡುತ್ತ ಕಾರು ಓಡಿಸಿದ. ಹಿಂದೆಯೇ ಕಲ್ಮೇಶನ ವ್ಯಾನು ಬರುತ್ತಿತ್ತು, ಹೆದ್ದಾರಿಯ ಎಕ್ಸಿಟ್‌ನಲ್ಲೂ ತಪ್ಪಿಸಿಕೊಳ್ಳಲಾಗದಷ್ಟು ಹತ್ತಿರ. ನಂದನ್ ಇದ್ದ ಅಪಾರ್ಟ್‌ಮೆಂಟಿನ ಎದುರು ಪಾರ್ಕಿಂಗ್ ಅರ್ಧ ಖಾಲಿ. ಸೆಮಿಸ್ಟರ್ ಮುಗಿದು ಹುಡುಗರೆಲ್ಲ ಊರು ಬಿಟ್ಟಿದ್ದರು. ವ್ಯಾನಿನಿಂದ ಕಲ್ಮೇಶ್ ಇಳಿದ, ಮಡಿಸಿದ ಬಾವುಟ ಎದೆಗೆ ಒತ್ತಿಕೊಂಡು. ಶಿಕಾಗೋದ ಇಬ್ಬರು ಇಳಿದರು. ಬೆವರು ಕಿತ್ತುಕೊಂಡು ಬರುವ ಬಿಸಿಲಿನಲ್ಲೂ ಅವರಲ್ಲೊಬ್ಬ ದಪ್ಪ ಜಾಕೆಟ್ ಹಾಕಿದ್ದ, ಬಲಗೈಯನ್ನು ಜೇಬಿನಿಂದ ತೆಗೆಯಲೇ ಇಲ್ಲ. ವಿಡಿಯೋ ಮಾಡಲು ಬಂದವರ ಕೈಯಲ್ಲಿ ಫೋನು ಇರಬೇಕಲ್ಲವೆ ಎಂದು ಲತಾಶ್ರೀಗೆ ಅನ್ನಿಸಿತು. ಅನ್ನಿಸಿದ್ದನ್ನು ಅವಳು ಬೇಗಬೇಗ ಬದಿಗೆ ತಳ್ಳಿದಳು.

“ರೀ” ಎಂದಳು ಗಂಡನಿಗೆ.

ಪ್ರಸಾದ್ ಸ್ಟಿಯರಿಂಗ್ ಮೇಲಿನ ಎರಡೂ ಕೈ ತೆಗೆಯದೆ, “ಬೇಗ ಮುಗಿಸಿ ಬಾ” ಎಂದ.

ನಂದನ್ ಇದ್ದದ್ದು ಎರಡನೆಯ ಮಹಡಿ. ಬಾಗಿಲಿಗೆ ಕ್ಯಾಮೆರಾದ ಬೆಲ್ಲು ಇತ್ತು. ಮೂವರೂ ಅದರ ಕಣ್ಣಿಗೆ ಬೀಳದಂತೆ ಮೆಟ್ಟಿಲ ಗೋಡೆಗೆ ಒತ್ತಿ ನಿಂತರು. ಕಲ್ಮೇಶ್ ತುಟಿಯ ಮೇಲೆ ಬೆರಳಿಟ್ಟು ತಲೆಯಾಡಿಸಿದ. ಅವಳು ಡಬ್ಬಿಯನ್ನು ಎತ್ತಿ ಹಿಡಿದು ಬೆಲ್ ಒತ್ತಿದಳು.

ಬಹಳ ಹೊತ್ತು ಸದ್ದಿಲ್ಲ. ಇಲ್ಲವೇನೋ, ಊರಿಗೆ ಹೋಗಿದ್ದಾನೇನೋ ಎಂದು ಅವಳ ಜೀವ ಹಗುರಾಗುತ್ತಿರುವಾಗ ಬೆಲ್ಲಿನ ಡಬ್ಬಿಯೊಳಗಿಂದ ನಂದನನ ಧ್ವನಿ ಬಂತು. ನಿದ್ದೆಗೆಟ್ಟ ಧ್ವನಿ.

“ಯಾರು?”

“ನಾನು ಕಣೋ ನಂದನ್. ಲತಕ್ಕ. ಊಟ ತಂದಿದೀನಿ.”

“ಅಕ್ಕ, ಒಬ್ರೇ ಬಂದ್ರಾ?”

ಇಲ್ಲ ಎನ್ನಬಹುದಿತ್ತು. ತೆಗೀಬೇಡ ಎಂದರೂ ಸಾಕಿತ್ತು. ಎರಡೂ ಮಾತು ಅವಳ ನಾಲಿಗೆಯ ತುದಿಯವರೆಗೆ ಬಂದಿದ್ದವು. ಕೆಳಗೆ ಪಾರ್ಕಿಂಗಿನಲ್ಲಿ ಕಾರಿನ ಇಂಜಿನ್ ಓಡುತ್ತಲೇ ಇರುವುದು ಅವಳಿಗೆ ಕೇಳಿಸುತ್ತಿತ್ತು.

“ಹೂಂ” ಎಂದಳು. “ಒಬ್ಬಳೇ.”

“ಥ್ಯಾಂಕ್ಸ್ ಅಕ್ಕ. ನೀವು ಬರಲ್ಲ ಅಂದ್ಕೊಂಡಿದ್ದೆ” ಎಂದಿತು ಧ್ವನಿ, ಸ್ವಲ್ಪ ಒಡೆದು. “ಒಂದ್ ನಿಮಿಷ ಇರಿ. ಬಾಗಿಲಿಗೆ ಮೇಜು, ಬೀರು ಎಲ್ಲ ಅಡ್ಡ ಇಟ್ಟಿದೀನಿ. ಸರಿಸ್ತೀನಿ.”

ಒಳಗೆ ಭಾರದ ಸಾಮಾನು ಎಳೆಯುವ ಸದ್ದು ಶುರುವಾಯಿತು. ಎಳೆದ, ನಿಂತು ದಮ್ಮು ತೆಗೆದುಕೊಂಡ, ಮತ್ತೆ ಎಳೆದ. ಒಬ್ಬನೇ ಸರಿಸಲು ಅವನಿಗೆ ಸಾಕಷ್ಟು ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಲತಾಶ್ರೀ ಬಾಯಿ ತೆರೆಯಲಿಲ್ಲ.