ಒಂದು ಸಂಜೆಯ ಶ್ರುತಿ

ನನಗೆ ಮೂಗಿನ ತುದಿಯಲ್ಲೇ ಕೋಪ. ಮೂವತ್ತೆಂಟು ವರ್ಷ ಪಿಯಾನೋಗಳಿಗೆ ಶ್ರುತಿ ಕೂರಿಸಿದವನಿಗೆ ಅಷ್ಟೂ ಇರಬಾರದೇ ಎಂದು ಅದನ್ನು ಸಾಕಿಕೊಂಡೇ ಬಂದೆ. ಆ ಡ್ರೈವರ್ ಮನೆಗೆ ಹೋದ ದಿನ ಅದನ್ನು ಚಪ್ಪಲಿಯ ಜೊತೆ ಹೊರಗೇ ಬಿಡಬೇಕಿತ್ತು.

ಅವರು ಬಸ್ಸು ಓಡಿಸಿ ನಿವೃತ್ತರಾದವರು. ಹೆಂಡತಿ ಪಿಯಾನೋ ಟೀಚರ್. ಆ ಬೀದಿಯ ಅರ್ಧ ಮಕ್ಕಳಿಗೆ ಕಲಿಸಿದಾಕೆ ಈಗ ಪಕ್ಕದ ಕೋಣೆಯಲ್ಲಿ ಹಾಸಿಗೆ ಹಿಡಿದಿದ್ದರು. ಡ್ರೈವರ್ ಬಾಗಿಲಲ್ಲೇ ನನ್ನ ತೋಳು ಹಿಡಿದು ಪಿಸುಗುಟ್ಟಿದರು: "ಹೆಚ್ಚಂದ್ರೆ ಹತ್ತು ದಿನ ಅಂದಿದ್ದಾರೆ ಡಾಕ್ಟ್ರು. ಈ ಪಿಯಾನೋನ ಸರಿಯಾದ ಶ್ರುತೀಲಿ ಒಂದ್ಸಲ ಕೇಳ್ಬೇಕು ಅಂತಾಳೆ. ನಾನೇ ನುಡಿಸ್ತೀನಿ. ನಲವತ್ತು ವರ್ಷದಲ್ಲಿ ಅವಳ ಹತ್ರ ಕಲಿತಿರೋದು ಒಂದೇ ಪಾಠ."

"ಅದನ್ನೂ ಗೇರ್ ಹಾಕೋ ಹಾಗೆ ಒತ್ತಾರೆ!" ಎಂದು ಒಳಗಿನಿಂದ ಸಣ್ಣ ದನಿ ಬಂತು. ಪಿಸುಮಾತನ್ನೂ ಬಿಡದ ಕಿವಿ ಅದು.

ಪಿಯಾನೋವನ್ನು ಎಂಟು ವರ್ಷದಿಂದ ಯಾರೂ ಬಿಚ್ಚಿರಲಿಲ್ಲ. ಶ್ರುತಿಕವೆಯನ್ನು ಮೊಣಕಾಲಿಗೆ ಬಡಿದು ಕಿವಿಗೆ ಹಿಡಿದು ನೋಡಿದೆ. ಪಿಯಾನೋ ಅರ್ಧ ಸ್ವರ ಕೆಳಗೆ ಜಾರಿ ಕೂತಿತ್ತು. ಇನ್ನೂರಕ್ಕೂ ಮೇಲೆ ತಂತಿಗಳು. ಇಂಥದ್ದನ್ನು ಮೊದಲು ಒರಟಾಗಿ ಮೇಲಕ್ಕೆಳೆದು ಬಿಡಬೇಕು. ಎಳೆದ ತಂತಿ ಮತ್ತೆ ಸಡಿಲವಾಗುತ್ತದೆ. ಎರಡು ವಾರ ಬಿಟ್ಟು ಬಂದು ನಯವಾಗಿ ಕೂರಿಸಬೇಕು. ನನ್ನ ಗುರುಗಳು ಹೇಳಿಕೊಟ್ಟ ಕ್ರಮ ಅದು, ನಾನು ಮೀರಿದವನಲ್ಲ.

ಹೆಚ್ಚಿನ ಸ್ವರಗಳಿಗೆ ಮೂರು ಮೂರು ತಂತಿ. ಎರಡಕ್ಕೆ ಉಣ್ಣೆಪಟ್ಟಿ ಸಿಕ್ಕಿಸಿ ಬಾಯಿ ಮುಚ್ಚಿಸುವುದು, ಮೂರನೆಯದರ ಗೂಟವನ್ನು ತಿರುಗಿಸುವುದು. ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ಮೇಲೆ ಬಂದವು. ಆದರೆ ಒಂದು ಕೀ ಒತ್ತಿದರೆ ಮೂರು ತಂತಿ ಮೂರು ದಿಕ್ಕಿಗೆ ಎಳೆದಾಡುತ್ತಿದ್ದವು, ಆಸ್ತಿ ಪಾಲಿಗೆ ಕೂತ ಅಣ್ಣತಮ್ಮಂದಿರ ಹಾಗೆ. ನಾನು ಸಾಮಾನು ಕಟ್ಟತೊಡಗಿದೆ.

"ಎರಡು ವಾರ ಬಿಟ್ಟು ಬರ್ತೀನಿ."

"ಅಯ್ಯೋ, ಇವತ್ತೇ ಮುಗಿಸಿಕೊಡಿ ಸ್ವಾಮಿ" ಎಂದರು ಡ್ರೈವರ್. "ಒಂದು ಸಂಜೆ ನಿಂತ್ರೆ ಸಾಕು. ನಾಳೆ ಹಾಳಾಗಿ ಹೋಗ್ಲಿ."

ನನಗೆ ಮೈಯೆಲ್ಲ ಉರಿದುಹೋಯಿತು. ನಾಳೆ ಹಾಳಾಗುವ ಕೆಲಸವನ್ನು ನಾನು ಮಾಡುವುದೇ? "ಎಂಟು ವರ್ಷ ಹಾಗೇ ಬಿಟ್ಟು ಈಗ ಒಂದೇ ದಿನದಲ್ಲಿ ಆಗ್ಬೇಕಾ? ನಾಲ್ಕು ದಿನಕ್ಕೆ ಜಾರಿದ್ರೆ, ಯಾವ ಪುಣ್ಯಾತ್ಮ ಮಾಡಿದ್ದು ಅಂತ ಜನ ಕೇಳೋದು ನನ್ನನ್ನ! ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಕೇಳಿಲ್ವಾ?"

ನಿಜ ಹೇಳಿಬಿಡುತ್ತೇನೆ. ಇನ್ನು ಮೂರು ಗಂಟೆ ಕೂತಿದ್ದರೆ ಒಂದು ಸಂಜೆಗೆ ಆಗುವಷ್ಟು ಕೂರಿಸಬಹುದಿತ್ತು. ಅದು ನನಗೆ ಗೊತ್ತಿತ್ತು. ಆ ದಿನ ಬೇರೆ ಕೆಲಸವೂ ಇರಲಿಲ್ಲ. ಡಾಕ್ಟರು ಹತ್ತು ಅಂದರೆ ಇಪ್ಪತ್ತಕ್ಕೆ ಮೋಸವಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

"ಹೋಗ್ಲಿ ಬಿಡಿ, ಅವರ ಕ್ರಮ ಅವರಿಗೆ" ಎಂದರು ಟೀಚರ್ ಒಳಗಿನಿಂದ. "ನಾನು ಕಾಯ್ತೀನಿ."

ಅದನ್ನು ಮೆಚ್ಚುಗೆಯ ಮಾತು ಎಂದುಕೊಂಡೆ, ಕತ್ತೆ ನಾನು. ಬೆನ್ನು ಸೆಟೆಸಿಕೊಂಡು ಮೆಟ್ಟಿಲಿಳಿದು ಹೋದೆ.

ಹೇಳಿದ ದಿನ, ಹೇಳಿದ ಹೊತ್ತಿಗೆ ಸರಿಯಾಗಿ ಬಂದೆ. ಪಕ್ಕದ ಕೋಣೆಯ ಮಂಚದ ಮೇಲೆ ಹಾಸಿಗೆಯನ್ನು ಸುತ್ತಿಟ್ಟಿದ್ದರು. ಚೀಲವನ್ನು ಕೆಳಗಿಟ್ಟೆ.

"ಯಾವತ್ತು?"

"ಗುರುವಾರ. ಮಾಡಿ, ಬಂದಿದ್ದೀರಲ್ಲ."

ನಾಲ್ಕು ಗಂಟೆ ಕೂತೆ. ಅಂಥ ಶ್ರುತಿ ನನ್ನ ಕೈಯಿಂದ ಹಿಂದೆಂದೂ ಬಂದಿರಲಿಲ್ಲ. ಮೂರು ತಂತಿಗೂ ಒಂದೇ ಗಂಟಲು. ಅಷ್ಟು ಚೆನ್ನಾಗಿ ಬಂದದ್ದಕ್ಕೇ ನನ್ನ ಮೇಲೆ ನನಗೇ ಕೋಪ ಬಂತು. ಕೇಳಬಾರದಿತ್ತು, ತಡೆಯಲಾಗದೆ ಕೇಳಿಬಿಟ್ಟೆ: "ನೀವು ನುಡಿಸಿದ್ರಾ?"

"ಬುಧವಾರ ನುಡಿಸಿ ಅಂದ್ಲು. ಇನ್ನು ಕಾಯೋಕಾಗಲ್ಲ ಅಂತ ಗೊತ್ತಾಗಿತ್ತೇನೋ. ಎರಡು ಸಾಲು ನುಡಿಸಿದೆ. ಸಾಕು, ಕಿವಿ ನೋಯತ್ತೆ, ನಿಲ್ಸಿ ಅಂದ್ಲು." ಅವರು ನನ್ನ ಮುಖವನ್ನೇ ನೋಡಿದರು. "ನಾನು ತಪ್ಪು ನುಡಿಸಿರ್ಲಿಲ್ಲ ಸ್ವಾಮಿ. ಒಂದು ಕೀನೂ ತಪ್ಪಿರ್ಲಿಲ್ಲ."

ನಾನು ಅತ್ತೆ. ಈ ವಯಸ್ಸಿನಲ್ಲಿ, ಬೇರೆಯವರ ಮನೆಯಲ್ಲಿ, ಮೂಗು ಸೋರಿಸಿಕೊಂಡು ಅತ್ತೆ. "ಈಗ ನುಡಿಸಿ, ನಿಮ್ಮ ದಮ್ಮಯ್ಯ" ಎಂದು ಕೈ ಮುಗಿದೆ.

ಅವರು ಬಂದು ಸ್ಟೂಲಿನ ಮೇಲೆ ಕೂತರು. ಬೆರಳುಗಳನ್ನು ಕೀಗಳ ಮೇಲಿಟ್ಟರು, ಒತ್ತಲಿಲ್ಲ.

"ಬೇಡ" ಎಂದರು. "ಈಗ ಇದನ್ನ ಕೇಳಿದ್ರೆ, ಅವಳು ಏನನ್ನ ಕೇಳದೆ ಹೋದ್ಲು ಅಂತ ನಂಗೆ ಗೊತ್ತಾಗಿಬಿಡತ್ತೆ."