ಬಿಡಿ ಮಾತ್ರೆ

ಬಿಸಿಲು ಸಿರಪ್ ಬಾಟಲಿಗಳ ಬುಡಕ್ಕೆ ಬಂತು, ಇನ್ನು ಸ್ವಲ್ಪ ಹೊತ್ತಿಗೆ ಕುತ್ತಿಗೆಗೆ ಏರುತ್ತದೆ, ಬಿಸಿಲಿಗೆ ಇಡಬೇಡಿ ಎಂದು ಬಾಟಲಿಯ ಮೇಲೆಯೇ ಬರೆದಿದೆ, ಇಷ್ಟು ವರ್ಷ ಅಂಗಡಿಯ ಯಜಮಾನರಿಗೆ ಕಾಣಲಿಲ್ಲವೇ, ಇರಲಿ, ನನಗೇಕೆ ಇಲ್ಲದ ಉಸಾಬರಿ, ನನ್ನ ಅಂಗಡಿಯೇ ಇದು, ಅಲ್ಲವಲ್ಲ, ಇನ್ನೂ ಅಲ್ಲ, ಆದರೆ ಕೈ ಕೇಳಬೇಕಲ್ಲ, ಎರಡೆರಡು ಬಾಟಲಿ ಎತ್ತಿ ಮೇಲಿನ ಹಲಗೆಗೆ ಸಾಗಿಸುತ್ತಿದೆ, ಅಲ್ಲಿದ್ದ ಬ್ಯಾಂಡೇಜು ಕೆಳಗಿಳಿಯಿತು, ಬ್ಯಾಂಡೇಜಿಗೆ ಬಿಸಿಲೇನು ನೆರಳೇನು. ಊಟ ಮುಗಿಸಿ ಒಂದು ಕೋಳಿನಿದ್ದೆ ತೆಗೆದು ಬರ್ತೀನಮ್ಮ, ಅಲ್ಲಿವರೆಗೆ ನೀನೇ ಯಜಮಾನಿ ಅಂದ್ಕೊಂಡು ಕೂತಿರು, ಬಂದ ತಕ್ಷಣ ಅಂಗಡಿ ತಗೋತೀಯೋ ಒಲ್ಲೆಯೋ ಹೇಳ್ಬಿಡು, ಅಂದು ಹೋದರು. ಒಲ್ಲೆ ಅಂದರೆ ಈ ಔಷಧಿ ಅಂಗಡಿ ಪಕ್ಕದ ಕನ್ನಡಕದವನ ಪಾಲು, ನಡುವಿನ ಗೋಡೆ ಒಡೆಸಿ ತನ್ನ ಅಂಗಡಿ ದೊಡ್ಡದು ಮಾಡಲು ಅವನು ತುದಿಗಾಲಲ್ಲಿ ನಿಂತಿದ್ದಾನೆ. ಹೂಂ ಅಂದರೆ ವಿಮಾ ಕಂಪನಿಯ ಮೇಡಂಗೆ ಇವತ್ತು ಸಂಜೆಯೊಳಗೆ ಫೋನ್ ಮಾಡಿ ಕೆಲಸ ಬೇಡ ಅನ್ನಬೇಕು. ಆಸ್ಪತ್ರೆಯ ಔಷಧಿ ಕಿಟಕಿಯ ಕೆಲಸಕ್ಕಂತೂ ರಾಜೀನಾಮೆ ಬಿಸಾಕಿ ಬಂದಾಯಿತು, ಆವತ್ತು ಏನು ಧೈರ್ಯವೋ ಏನೋ, ಈಗ ನೋಡಿದರೆ ಎರಡು ದೋಣಿಯಲ್ಲಿ ಒಂದೊಂದು ಕಾಲು, ಎರಡೂ ಕಾಲು ನೋಯುತ್ತಿವೆ.

ವಿಮಾ ಕಂಪನಿಯ ಆ ಆಫೀಸು ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ. ಕುರ್ಚಿ ಒರಗಿದರೆ ಬೆನ್ನಿನ ಜೊತೆಗೇ ಬಾಗುತ್ತಿತ್ತು, ನೆಲಕ್ಕೆ ಮೆತ್ತನೆಯ ಹಾಸು, ಚಪ್ಪಲಿಯ ಸದ್ದೂ ಕೇಳುತ್ತಿರಲಿಲ್ಲ, ಯಾರೂ ಕೆಮ್ಮುತ್ತಿರಲಿಲ್ಲ, ಅಷ್ಟು ದೊಡ್ಡ ಹಾಲಿನಲ್ಲಿ ಒಬ್ಬರಾದರೂ ಕೆಮ್ಮಬೇಡವೇ. ಇಲ್ಲಿ ನಿಮಗೆ ಪೇಷೆಂಟ್‌ಗಳ ಕಾಟ ಇರಲ್ಲ ನೋಡಿ, ಬರೀ ಆಸ್ಪತ್ರೆ ಬಿಲ್ ಬರುತ್ತೆ, ಕಾಯಿಲೆಗೂ ಔಷಧಿಗೂ ತಾಳೆ ಆದ್ರೆ ಸರಿ ಅನ್ನೋದು, ಆಗದಿದ್ರೆ ವಾಪಸ್ ಕಳಿಸೋದು, ಸಂಜೆ ಬ್ಯಾಗ್ ಎತ್ಕೊಂಡ್ರೆ ಮುಗೀತು, ಅಂದಿದ್ದರು ಮೇಡಂ. ಮುಗೀತು ಅನ್ನುವ ಮಾತು ಎಷ್ಟು ಹಿತವಾಗಿ ಕೇಳಿಸಿತು, ಹಿಮ್ಮಡಿ ನೋವು ಅರ್ಧ ಅಲ್ಲೇ ಇಳಿದಿತ್ತು. ಮನೆಯಲ್ಲಿ ಇವರು, ನನ್ನ ಗಂಡ, ಕುಣಿಯುವುದೊಂದು ಬಾಕಿ, ನಿಂತೂ ನಿಂತೂ ನಿನ್ನ ಕಾಲು ಕಂಬ ಆಗಿದೆ, ಇನ್ನಾದ್ರೂ ಕೂತ್ಕೊಂಡು ಕೆಲಸ ಮಾಡು, ಅಂಗಡಿ ಅಂದ್ರೆ ಭಾನುವಾರ ಇಲ್ಲ ಸೋಮವಾರ ಇಲ್ಲ, ನಿನಗೇ ಜ್ವರ ಬಂದ್ರೂ ನೀನೇ ಶಟರ್ ಎತ್ತಬೇಕು, ಯಾಕೆ ಬೇಕು ಹೇಳು ಇಲ್ಲದ ತಲೆನೋವು. ತಲೆನೋವಿನ ಮಾತ್ರೆ ಅಂಗಡಿಯಲ್ಲೇ ಇರುತ್ತದಲ್ಲ ಎಂದೆ, ನಗಲಿಲ್ಲ, ತಮಾಷೆ ಅಲ್ಲ ಕಣೆ, ನೀನು ಮಲಗಿಬಿಟ್ರೆ ಆಮೇಲೆ ನಾನೇನು ಮಾಡ್ಲಿ. ಹೇಳುವುದರಲ್ಲಿ ಒಂದಕ್ಷರ ತಪ್ಪಿಲ್ಲ, ಅದಕ್ಕೇ ನನಗೆ ಸಿಟ್ಟು, ತಪ್ಪಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು. ಬೆಳಗ್ಗೆ ಹೊರಡುವಾಗ ಚಪ್ಪಲಿಯನ್ನು ನನ್ನ ಕಾಲಿನ ಮುಂದೆ ತಳ್ಳಿ, ಒಲ್ಲೆ ಅಂತ ಹೇಳಿ ಬೇಗ ಬಂದ್ಬಿಡು, ಅಂದರು.

ಯಾರೋ ಬಂದರು, ಖಾಕಿ ಅಂಗಿ, ಬಸ್ಸಿನ ಕಂಡಕ್ಟರು, ಜ್ವರಕ್ಕೆ ಏನಾದ್ರೂ ಕೊಡಿ ಮೇಡಂ, ಕೊಟ್ಟೆ, ಊಟ ಆದ ಮೇಲೆ ತಗೊಳ್ಳಿ ಎಂದು ಹೇಳಲು ಸೊಂಟ ಬಗ್ಗಿಸಿ ಬಾಯಿ ಮುಂದೆ ಚಾಚಿದೆ, ಆಸ್ಪತ್ರೆಯ ಗಾಜಿಗೆ ಅರ್ಧಚಂದ್ರದಂಥ ಕಿಂಡಿ, ಅದೂ ಹೊಟ್ಟೆಯ ಮಟ್ಟಕ್ಕೆ, ಅದಕ್ಕೆ ಬಾಯಿಟ್ಟು ಕೂಗಿದರೇ ಆಚೆಯವರಿಗೆ ಕೇಳುವುದು, ವರ್ಷಗಟ್ಟಲೆ ಬಗ್ಗಿ ಬಗ್ಗಿ ಬೆನ್ನು ಅದನ್ನೇ ಕಲಿತುಬಿಟ್ಟಿದೆ, ಇಲ್ಲಿ ಗಾಜೂ ಇಲ್ಲ ಕಿಂಡಿಯೂ ಇಲ್ಲ. ಕಿವಿ ಮೇಲಿದೆ ಮೇಡಂ, ಹೊಟ್ಟೆಗೆ ಯಾಕೆ ಹೇಳ್ತಿದ್ದೀರಿ, ಅಂದರು ಕಂಡಕ್ಟರು. ನಾಚಿಕೆಯಿಂದ ಸತ್ತೇಹೋದೆ, ನೆಟ್ಟಗೆ ನಿಂತರೆ ಎದುರಿಗೆ ಒಂದು ಮುಖ, ಕೆಂಪು ಕಣ್ಣು, ಒಣಗಿದ ತುಟಿ, ಆಸ್ಪತ್ರೆಯಲ್ಲಿ ಬೆರಳುಗಳನ್ನು ಬಿಟ್ಟು ಏನು ಕಂಡಿದ್ದೆ ನಾನು. ಅವರು ನಗುತ್ತಾ ಹೋದರು, ಒಬ್ಬ ಹೆಂಗಸು ಆಗಲೇ ಹಿಂದೆ ನಿಂತಿದ್ದಳು, ನನ್ನಮ್ಮನ ವಯಸ್ಸು, ಏದುಸಿರು, ಮುಷ್ಟಿ ಬಿಗಿಹಿಡಿದಿದ್ದಳು, ಕೌಂಟರಿನ ಮೇಲೆ ತಂದು ಬಿಚ್ಚಿದಳು. ಅಂಗೈ ತುಂಬ ಬಿಡಿ ಮಾತ್ರೆ, ಹಳದಿ, ಗುಲಾಬಿ, ಬಿಳಿ. ನಮ್ಮ ಯಜಮಾನ್ರದು ಕಣಮ್ಮ, ಅವರ ಬೆರಳು ನಡುಗುತ್ತೆ, ಸ್ಟ್ರಿಪ್ಪಿಂದ ಬಿಡಿಸೋಕಾಗಲ್ಲ, ಅದಕ್ಕೆ ನಾನೇ ಎಲ್ಲ ಬಿಡಿಸಿ ಖಾನೆ ಡಬ್ಬೀಲಿ ಹಾಕಿಟ್ಟಿದ್ದೆ, ಹಾಳಾದ್ದು ಕೈಜಾರಿ ಬಿತ್ತು, ಯಾವುದು ಬೆಳಗ್ಗೇದು ಯಾವುದು ರಾತ್ರೀದು ನೋಡಿ ಹೇಳು. ಹಳದಿ ಗೊತ್ತು, ಗುಲಾಬಿಯೂ ಗೊತ್ತು, ಬೇರೆ ಮಾಡಿ ಕವರಿಗೆ ಹಾಕಿ ಬರೆದುಕೊಟ್ಟೆ. ಬಿಳಿಯದರಲ್ಲಿ ಎರಡು ಜಾತಿ, ಬಿಪಿಯದ್ದೊಂದು ಶುಗರಿನದ್ದೊಂದು ಅಂದಳು, ದಿನಕ್ಕೆ ಒಂದೊಂದು, ಎರಡೂ ಗುಂಡಗೆ, ಒಂದೇ ಅಳತೆ, ಮೇಲೆ ಒಂದು ಅಕ್ಷರವಿಲ್ಲ ಗೆರೆಯಿಲ್ಲ, ಬೆಳಕಿಗೆ ಹಿಡಿದೆ, ತಿರುವಿದೆ, ಗೊತ್ತಾಗಲಿಲ್ಲ. ಗೊತ್ತಾಗಲ್ಲಮ್ಮ ಇದು, ಡಾಕ್ಟರ ಚೀಟಿ ತನ್ನಿ, ಹಳೆ ಸ್ಟ್ರಿಪ್ ಕಸದ ಬುಟ್ಟಿಯಲ್ಲಿದ್ದರೆ ಅದನ್ನೂ ತನ್ನಿ, ಅಲ್ಲಿಯವರೆಗೆ ಈ ಬಿಳಿಯದನ್ನು ಕೊಡಲೇಬೇಡಿ, ಎಂದೆ. ಅಯ್ಯೋ ಬಿಳೀದು ಬಿಳೀದೇ ಅಲ್ವಾ, ಹೊಟ್ಟೆಗೆ ಹೋದ ಮೇಲೆ ಎಲ್ಲ ಒಂದೇ, ಅಂದು ನಕ್ಕಳು, ಸರಿ ಸರಿ ಈಗ ಬಂದೆ ಅಂದಳು. ನಾನು ಆ ಬಿಳಿ ಮಾತ್ರೆಗಳನ್ನು ಒಂದೂ ಬಿಡದೆ ಅವಳ ಅಂಗೈಗೇ ಹಾಕಿದೆ, ಅವಳು ಬೆರಳು ಮಡಚಿಕೊಂಡು ಹೋದಳು.

ಯಾಕೆ ಹಾಕಿದೆ. ಆಚೆ ಹೋದ ಬಿಡಿ ಮಾತ್ರೆಯನ್ನು ಮತ್ತೆ ಒಳಗೆ ತಗೊಳ್ಳಬಾರದು, ಬೆವರು ತಾಗಿರುತ್ತದೆ, ತೇವ ತಾಗಿರುತ್ತದೆ, ಕಾಲೇಜಿನ ಮೊದಲ ಪಾಠ ಅದು, ಕಿಂಡಿಯಿಂದ ಒಂದು ಸಲ ಆಚೆ ಹೋಯಿತೆಂದರೆ ಹೋಯಿತು, ಎಷ್ಟು ಜನ ಅಂಗಲಾಚಿದರೂ ತಿರುಗಿ ತಗೊಂಡವಳಲ್ಲ ನಾನು, ಅದೇ ಅಭ್ಯಾಸ, ಕೈ ತಾನೇ ತಾನಾಗಿ ಹಿಂದಕ್ಕೆ ಕೊಟ್ಟಿತು. ದಡ್ಡಿ, ಅವನ್ನು ಮತ್ತೆ ಮಾರು ಅಂತ ನಿನಗೆ ಯಾರು ಅಂದರು, ಒಂದು ಕವರಿನಲ್ಲಿ ಹಾಕಿ ಪಕ್ಕಕ್ಕಿಟ್ಟುಕೊಂಡಿದ್ದರೆ ಸಾಕಿತ್ತು. ಎರಡು ಬಿಳಿ ಕೊಡಬೇಕು ಎಂದಷ್ಟೇ ನೆನಪಿಟ್ಟು ಶುಗರಿನದ್ದನ್ನೇ ಎರಡು ಕೊಟ್ಟುಬಿಟ್ಟರೆ, ಶುಗರ್ ಇಳಿದು ಆ ಮನುಷ್ಯ ಎದ್ದು ನಿಂತಲ್ಲೇ ಬಿದ್ದರೆ. ಮನೆ ಎಲ್ಲಿ ಅಂತ ಕೇಳಲಿಲ್ಲ, ಹೆಸರು ಕೇಳಲಿಲ್ಲ, ಆಸ್ಪತ್ರೆಯಲ್ಲಿ ಎಲ್ಲ ಚೀಟಿಯಲ್ಲೇ ಇರುತ್ತಿತ್ತು, ಕೇಳಿಯೇ ಗೊತ್ತಿಲ್ಲ ನನಗೆ. ಬಾಗಿಲಿಗೆ ಬಂದು ನೋಡಿದೆ, ಬೀದಿಯಲ್ಲಿ ಒಬ್ಬ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದಾನೆ, ಕನ್ನಡಕದವನು ತನ್ನ ಗಾಜು ಒರೆಸುತ್ತಾ ನನ್ನ ಮುಖ ನೋಡುತ್ತಿದ್ದಾನೆ, ಏನ್ ಮೇಡಂ ಏನಾಯ್ತು ತೀರ್ಮಾನ. ಆ ಕಡೆ ಒಬ್ಬ ಹೆಂಗಸು ಹೋಗಿದ್ದು ನೋಡಿದ್ರಾ ಎಂದೆ, ಎಷ್ಟೋ ಹೆಂಗಸ್ರು ಹೋಗ್ತಾರೆ ಮೇಡಂ ಅಂದ. ಆಸ್ಪತ್ರೆಯಲ್ಲಾಗಿದ್ದರೆ ಈ ಹೊತ್ತಿಗೆ ಪಾಳಿ ಬದಲು, ಇಂಥವರೊಬ್ಬರು ಬರ್ತಾರೆ ನೋಡ್ಕೊಳ್ಳೇ ಎಂದು ಮುಂದಿನವಳಿಗೆ ಹೇಳಿ ಕೋಟು ಕಳಚುತ್ತಿದ್ದೆ, ಮನೆ ತಲುಪುವಷ್ಟರಲ್ಲಿ ಮರೆತೂ ಹೋಗುತ್ತಿತ್ತು. ವಿಮಾ ಆಫೀಸಿನಲ್ಲಾದರೆ ಅದೂ ಇಲ್ಲ, ಆ ಮನುಷ್ಯ ಬಿದ್ದು ಆಸ್ಪತ್ರೆ ಸೇರಿದ ಮೇಲೆ ಬಿಲ್ಲಾಗಿ ನನ್ನ ಮುಂದೆ ಬರುತ್ತಾನೆ, ಕಾಯಿಲೆಗೂ ಔಷಧಿಗೂ ತಾಳೆಯಾಯಿತು, ಸರಿ ಅನ್ನುತ್ತೇನೆ. ಅದೊಂದು ಕೆಲಸವೇ, ಯಾಕಲ್ಲ ಮಾರಾಯ್ತಿ, ಕುರ್ಚಿ ಚೆನ್ನಾಗಿದೆ. ಬೆರಳು ಮಡಚಿಕೊಂಡು ಹೋದಳಲ್ಲ, ಬಿಳಿಯದಕ್ಕೆ ಕವರನ್ನೂ ಕೇಳಲಿಲ್ಲ.

ಯಜಮಾನರು ಬಂದರು, ಮುಖ ತೊಳೆದ ನೀರು ಗಲ್ಲದಲ್ಲಿ ಇನ್ನೂ ಆರಿಲ್ಲ, ಸ್ಟೂಲು ಎಳೆದುಕೊಂಡು ಕೂತರು, ಹೂಂ ಹೇಳಮ್ಮ, ಕನ್ನಡಕದವನಂತೂ ಬಾಗಿಲಲ್ಲೇ ಕಾಯ್ತಿದ್ದಾನೆ. ನಾನು ಆ ಹೆಂಗಸಿನ ಕಥೆ ಹೇಳಿದೆ, ಉಸಿರು ಬಿಡದೆ ಹೇಳಿದೆ, ಅವರು ಕಿವಿಗೊಟ್ಟು ಕೇಳಿ, ನಡುಗೋ ಬೆರಳಿನ ಗಂಡನಾ, ಯಾರೋ ಹೊಸಬರು, ನನಗೂ ಗೊತ್ತಿಲ್ಲ, ಬಂದ್ರೆ ಬಂದ್ರು ಇಲ್ದಿದ್ರೆ ಇಲ್ಲ, ಹಾಗೆ ಈಗ ಬಂದೆ ಅಂತ ಹೋದೋರು ಎಷ್ಟು ಜನರೋ, ನಿನ್ನ ವಿಷಯ ಹೇಳು. ಅವಳು ನಾಳೆ ಬೆಳಗ್ಗೆ ಬಂದರೆ ಎಂದೆ. ಬೆಳಗ್ಗೆ ಬಂದ್ರೆ ಬಾಗಿಲು ಮುಚ್ಚಿರುತ್ತೆ, ನೀನು ಒಲ್ಲೆ ಅಂದ್ರೆ ನಾನ್ಯಾಕಮ್ಮ ತೆಗೀಲಿ. ಬ್ಯಾಗಿನಲ್ಲಿ ಫೋನ್ ಬಡಿದುಕೊಳ್ಳುತ್ತಿದೆ, ವಿಮಾ ಕಂಪನಿಯ ಮೇಡಂ ಇರಬೇಕು, ಇಲ್ಲ ಮನೆಯಿಂದ ಇವರು, ಬೇಗ ಬಂದ್ಬಿಡು ಅಂದಿದ್ದರು. ನಾನೇ ತೆಗೀತೀನಿ, ಕತ್ತಲಾಗೋವರೆಗೂ ಇವತ್ತೂ ನಾನೇ ಇರ್ತೀನಿ, ಅಂದೆ, ಅಂದದ್ದು ನನ್ನ ಕಿವಿಗೇ ಕೇಳಿಸಿತು, ಯಜಮಾನರು ಎದ್ದು ಕೀಲಿಕೈಯನ್ನು ಕೌಂಟರಿನ ಮೇಲಿಟ್ಟರು, ಯೋಚನೆ ಮಾಡಿದೀಯ ತಾನೇ ಅಂದರು, ಎಲ್ಲಿ ಮಾಡಿದೆ, ಖುಷಿಯಾಗಬೇಕಿತ್ತು, ಕೀಲಿಕೈ ಅಲ್ಲೇ ಇದೆ, ನಾನು ಬೀದಿಯ ತಿರುವನ್ನೇ ನೋಡುತ್ತಿದ್ದೇನೆ, ಈ ಹೊತ್ತಿಗೆ ಆ ಮನುಷ್ಯ ನೀರಿನ ಲೋಟ ಹಿಡಿದು ಕೂತಿರಬಹುದು, ಕೈ ನಡುಗಿ ನೀರು ಚೆಲ್ಲುತ್ತಿರಬಹುದು, ಎಲ್ಲಿ ನನ್ನ ಮಾತ್ರೆ ಅನ್ನುತ್ತಿರಬಹುದು, ಮತ್ತು ಅವಳ ಅಂಗೈ, ಬೆವರಿಗೆ ಅಂಟಿಕೊಂಡ ಬಿಳಿಯವು, ಒಂದೇ ಗುಂಡು, ಒಂದೇ ಅಳತೆ, ಅವನ ಮುಂದೆ ಬಿಚ್ಚಿದ ಅಂಗೈ.