ಕವಡೆ ಹೆಣೆದ ಕರಿ ಜಡೆ

ಸಾಯಿಕುಮಾರ ಸತ್ತ ಮೇಲೆ ರೇಣುಕಾ ಹಳೆಯ ಮನೆಗಳ ಕೆಲಸ ಬಿಟ್ಟು, ತನ್ನ ಗುರುತಿಲ್ಲದ ಕಡೆ ಅಡಿಗೆ ಕೆಲಸ ಹಿಡಿದಳು. ಮಿಯಾಪುರದ ಒಂದು ಅಪಾರ್ಟ್‌ಮೆಂಟು, ಮೈಸೂರು ಕಡೆಯ ವತ್ಸಲಾಳ ಮನೆ. ಗಂಡನಿಗೆ ಏನಾಗಿತ್ತು ಎಂದು ವತ್ಸಲಾ ಕೇಳಿದಾಗ, ಜ್ವರ ಎಂದಿದ್ದಳು.

ನಿಜ ಹೇಳಿದ್ದರೆ ಆ ಮನೆಯಲ್ಲಿ ಕೆಲಸ ಸಿಗುತ್ತಿರಲಿಲ್ಲ. ಕಟ್ಟಡದ ಕೆಲಸಕ್ಕೆ ಬಂದಿದ್ದ ಮೌನಪ್ಪನ ಪುಟ್ಟ ಮಗಳು ಒಂದು ನಸುಕಿನಲ್ಲಿ, ಹಿಂದಕ್ಕೆ ಬರುತ್ತಿದ್ದ ನೀರಿನ ಟ್ಯಾಂಕರಿಗೆ ಸಿಕ್ಕಿ ಸತ್ತಿದ್ದಳು. ಟ್ಯಾಂಕರು ನಿಲ್ಲಲಿಲ್ಲ. ನಂಬರು ಯಾರಿಗೂ ಕಾಣಲಿಲ್ಲ. ಠಾಣೆಯವರು ನಾಳೆ ಬಾ, ನಾಡಿದ್ದು ಬಾ ಅಂದರು. ಮುಂದಿನ ವಾರ ಮೌನಪ್ಪ ನೀರು ತುಂಬಿಸುವ ಜಾಗಕ್ಕೆ ಹೋಗಿ, ಟ್ಯಾಂಕರು ಓಡಿಸುತ್ತಿದ್ದ ಸಾಯಿಕುಮಾರನನ್ನು ಹಾರೆಯಿಂದ ಹೊಡೆದು ಕೊಂದ. ಆಮೇಲೆ ತಾನೇ ಠಾಣೆಗೆ ನಡೆದುಹೋಗಿ ಕುಳಿತ.

ಕೂಲಿಗಳು ಅವನನ್ನು ಕರೆದೊಯ್ದ ಜೀಪಿನ ಮೇಲೆ ಹೂ ಎಸೆದರು. ಟ್ಯಾಂಕರಿನವರು ಒಂದು ದಿನ ನೀರು ನಿಲ್ಲಿಸಿದರು. ಅಪಾರ್ಟ್‌ಮೆಂಟಿನವರಲ್ಲಿ ಅರ್ಧ ಜನ ಮೌನಪ್ಪನ ಪರ, ಇನ್ನರ್ಧ ಕಾನೂನಿನ ಪರ. ಸ್ನಾನಕ್ಕೆ ನೀರಿಲ್ಲದ ದಿನ ಮಾತ್ರ ಎಲ್ಲರೂ ಸೇರಿ ಟ್ಯಾಂಕರಿನವರನ್ನು ಬೈದರು.

ರೇಣುಕಾ ಯಾವ ಕಡೆಗೂ ಇರಲಿಲ್ಲ. ಅವಳ ಅನುಮಾನ ಗಂಡನ ಮೇಲೇ ಇತ್ತು. ಮಗು ಸತ್ತ ದಿನ ಅವನೂ ನಸುಕಿನಲ್ಲೇ ಹೊರಟಿದ್ದ. ರಾತ್ರಿ ತಟ್ಟೆಯ ಮುಂದೆ ಕುಳಿತವನು ಉಣ್ಣದೆ ಎದ್ದಿದ್ದ. ಕೇಳಿದರೆ ಗೋಡೆ ನೋಡಿದ್ದ. ಸತ್ತವನಿಗಾಗಿ ಅಳಬೇಕೋ, ಶಪಿಸಬೇಕೋ ತಿಳಿಯದೆ ಅವಳ ಕಣ್ಣು ಒಣಗಿಯೇ ಉಳಿದಿತ್ತು.

ಮೌನಪ್ಪನ ಬಿಡುಗಡೆಗೆ ವತ್ಸಲಾ ಸಹಿ ಕೂಡಿಸುತ್ತಿದ್ದಳು.

"ನನ್ನ ಮಗುಗೆ ಹೀಗಾಗಿದ್ರೆ ನಾನೂ ಅದನ್ನೇ ಮಾಡ್ತಿದ್ದೆ ಕಣಮ್ಮ."

"ಸತ್ತೋನೇ ಆ ಟ್ಯಾಂಕರ್ ಓಡಿಸ್ತಿದ್ದ ಅಂತ ನಿಂಗ್ಯಾರು ಹೇಳಿದ್ರು?" ಎಂದ ಅವಳ ಗಂಡ ಗಗನ.

ವತ್ಸಲಾ ಉತ್ತರವಾಗಿ ಮೊಬೈಲು ಹಿಡಿದಳು. ಕೋರ್ಟಿನ ಬಾಗಿಲಲ್ಲಿ ಯಾರೋ ತೆಗೆದ ವಿಡಿಯೋ. ಅದರಲ್ಲಿ ಮೌನಪ್ಪ ಹೇಳುತ್ತಿದ್ದ: "ಆ ಟ್ಯಾಂಕರ್ ಹಿಂದ ಕರಿ ಉಣ್ಣಿ ಜಡಿ ತೂಗಾಡಾಕತ್ತಿತ್ರಿ. ತುದಿಗೆ ಎರಡು ಕವಡಿ. ನೀರು ತುಂಬೋ ಜಾಗದಾಗ ಅದನ್ನ ನೋಡೇ ಗುರ್ತ ಹಿಡಿದೆ."

ರೇಣುಕಾಳ ಕೈಯಲ್ಲಿದ್ದ ಲಟ್ಟಣಿಗೆ ನಿಂತಿತು.

ಆ ಜಡೆ ಹೆಣೆದವಳು ಅವಳೇ. ದೇವದುರ್ಗದ ಅವಳ ತವರಿನಲ್ಲಿ ಪಂಚಮಿಗೆ ಹೆಣ್ಣುಮಗಳು ಮನೆಯ ಗಾಡಿಗೆ ದೃಷ್ಟಿಯಾಗದಂತೆ ಜಡೆ ಕಟ್ಟುತ್ತಾಳೆ. ಹೆಣೆದು ಮಿಕ್ಕ ಉಣ್ಣೆಯನ್ನು ಮನೆಯಲ್ಲಿ ಇಡುವಂತಿಲ್ಲ. ಹಾಗಾಗಿ ಒಂದು ಗಂಡನ ಟ್ಯಾಂಕರಿಗೆ, ಮಿಕ್ಕಿದ್ದರಲ್ಲಿ ಇನ್ನೊಂದು, ಅದೇ ಕೆಲಸ ಮಾಡುವ ಅಣ್ಣ ಅಂಬಾದಾಸನ ಟ್ಯಾಂಕರಿಗೆ. ಮುಂದಿನ ಪಂಚಮಿಗೆ ಕಟ್ಟಿದ ಕೈಯೇ ಬಿಚ್ಚಬೇಕು. ಒಮ್ಮೆ ಟ್ಯಾಂಕರು ತೊಳೆಯಲು ಸಾಯಿಕುಮಾರ ಜಡೆಗೆ ಕೈ ಹಾಕಿದ್ದಕ್ಕೆ, ಮುಟ್ಟಬ್ಯಾಡ ಎಂದು ಗದರಿದವನು ಅಂಬಾದಾಸನೇ.

ಸಂಜೆ ಎಂದಿನಂತೆ ಅಂಬಾದಾಸ ಅಕ್ಕಿಯ ಚೀಲ ತಂದ. ಗಂಡ ಹೋದಾಗಿನಿಂದ ಅವಳ ಮನೆಗೆ ಅಕ್ಕಿ ಹಾಕುತ್ತಿದ್ದವನು ಅವನೇ. ರೇಣುಕಾ ಚಹಾಕ್ಕೆ ನೀರಿಟ್ಟು, ಅಂಗಳದಲ್ಲಿ ನಿಂತಿದ್ದ ಅವನ ಟ್ಯಾಂಕರಿನ ಹಿಂದೆ ಹೋಗಿ ನೋಡಿದಳು. ನಿಂಬೆಹಣ್ಣು, ಮೆಣಸಿನಕಾಯಿ ಹೊಸದಾಗಿ ತೂಗುತ್ತಿದ್ದವು. ಪಕ್ಕದ ಕೊಂಡಿಯಲ್ಲಿ ಅವಳು ಹಾಕಿದ ಗಂಟು ಹಾಗೇ ಇತ್ತು. ಗಂಟಿನ ಕೆಳಗೆ ಉಣ್ಣೆಯ ಎಳೆಗಳು ಒಂದೇ ಸಮ. ಹರಿದಿದ್ದಲ್ಲ, ಕೊಯ್ದದ್ದು.

"ಜಡಿ ಎಲ್ಲೈತಣ್ಣ?"

"ಎಲ್ಲೋ ಹರದು ಬಿತ್ತವ್ವ."

"ಯಾವಾಗ?"

"ನೆನಪಿಲ್ಲ."

ಅವಳಿಗೆ ನೆನಪಿತ್ತು. ಮಗು ಸತ್ತ ದಿನ ಸಂಜೆ, ಇದೇ ಅಂಗಳದಲ್ಲಿ, ಕೊಂಡಿಯಲ್ಲಿ ಜಡೆ ಕಾಣದೆ, ತಂಗಿ ಕಟ್ಟಿದ್ದನ್ನ ಯಾರಿಗೆ ಮಾರಿದಿ ಮಾವ, ಎಂದು ಸಾಯಿಕುಮಾರ ನಗೆಯಾಡಿದ್ದ. ಅಂಬಾದಾಸ ನಕ್ಕಿರಲಿಲ್ಲ. ಆ ರಾತ್ರಿಯೇ ಸಾಯಿಕುಮಾರ ತಟ್ಟೆ ಬಿಟ್ಟು ಎದ್ದದ್ದು.

"ಹಂಗಾರ ಇನ್ನೊಂದು ಹೆಣೀತೀನಿ," ಎಂದಳು ರೇಣುಕಾ. "ಕರಿ ಉಣ್ಣಿ, ಎರಡು ಕವಡಿ. ನಾಳೆ ಅದನ್ನ ತೂಗಹಾಕ್ಕೊಂಡು ಮೌನಪ್ಪನ ಮಂದಿ ಇರೋ ಓಣ್ಯಾಗ ಹಾದು ಬಾ."

ಅಂಬಾದಾಸ ಕುಡಿಯದ ಚಹಾ ಕೆಳಗಿಟ್ಟ.

"ಬ್ಯಾಡ, ತಂಗಿ. ಈಗ ಬ್ಯಾಡ."

ರೇಣುಕಾ ಅಕ್ಕಿಯ ಚೀಲವನ್ನು ಎಳೆದು ಅವನ ಕಾಲ ಬಳಿ ಇಟ್ಟು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಂದು ಮೊದಲ ಸಲ ಗಂಡನಿಗಾಗಿ ಅತ್ತಳು.

ಬೆಳಿಗ್ಗೆ ವತ್ಸಲಾ ಖುಷಿಯಲ್ಲಿದ್ದಳು. ಸಹಿಗಳು ಅಂದುಕೊಂಡದ್ದಕ್ಕಿಂತ ಹೆಚ್ಚು ಬಂದಿದ್ದವು.

"ಅಕ್ಕಾರ," ಎಂದಳು ರೇಣುಕಾ, "ಸತ್ತಾಂವ ನನ್ನ ಗಂಡ. ಆ ಜಡಿ ಹೆಣೆದಾಕಿ ನಾನ. ಎರಡು ಹೆಣೆದಿದ್ದೆ."

ವತ್ಸಲಾ ಮೊಬೈಲಿಗೆ ಕೈ ಹಾಕಿದಳು. ಬಾಗಿಲವರೆಗೆ ಹೋಗಿದ್ದ ಗಗನ ತಿರುಗಿ ಬಂದ.

"ಇನ್ನೊಂದು ಯಾರ ಟ್ಯಾಂಕರಿಗೆ?"

ಅಣ್ಣನ ಹೆಸರು ಹೊರಬಿದ್ದರೆ ಅವನ ಮೇಲೆ ಹಾರೆ ಎತ್ತುವವರೂ ಇರುತ್ತಾರೆ, ಎತ್ತಿದವರಿಗೆ ಹೂ ಎಸೆಯುವವರೂ ಇರುತ್ತಾರೆ.

"ನಿಮ್ಮ ಮೊಬೈಲ್‌ನ್ಯಾಗಲ್ಲ," ಎಂದಳು. "ಠಾಣ್ಯಾಗ ಹೇಳ್ತೀನಿ. ನನ್ನ ಜೋಡಿ ಬರ್ರಿ."

ಮತ್ತೆ ಒಲೆಯ ಕಡೆ ತಿರುಗಿ ಗ್ಯಾಸ್ ಆರಿಸಿದಳು.